ಎಲ್ಲಿ ಅಂಟಿದ್ದು?

ವಾಚ್ ರಿಪೇರಿಯವನ ಹೆಂಡತಿಗೆ ಒಂದು ಅಭ್ಯಾಸವಿತ್ತು. ಬೆಳಿಗ್ಗೆ ಕಿವಿಗೆ ಬಿದ್ದ ಹಾಡು ಸಂಜೆಯಾದರೂ ಅವಳ ಬಾಯನ್ನು ಬಿಟ್ಟು ಹೋಗುತ್ತಿರಲಿಲ್ಲ. ಹಾಡುವುದಲ್ಲ, ಗುನುಗುವುದು. ಅದೂ ಅವಳಿಗೇ ಗೊತ್ತಿಲ್ಲದ ಹಾಗೆ. ಪಾತ್ರೆ ತೊಳೆಯುವಾಗ, ಬಟ್ಟೆ ಮಡಿಸುವಾಗ, ಚಪ್ಪಲಿ ಮೆಟ್ಟಿಕೊಳ್ಳುವಾಗ ಒಂದೇ ಸಾಲು ಮತ್ತೆ ಮತ್ತೆ ಬರುತ್ತಿತ್ತು.

ಮದುವೆಯಾದ ಹೊಸದರಲ್ಲಿ ಅವನಿಗೆ ಇದು ತುಂಬಾ ಹಿಡಿಸಿತ್ತು. "ನಮ್ಮನೆ ರೇಡಿಯೋ" ಎಂದು ಅವಳನ್ನು ಕರೆಯುತ್ತಿದ್ದ. ಒಂದು ದಿನ ಗೆರೆ ಹಾಕಿದ ಉದ್ದನೆಯ ಪುಸ್ತಕ ತಂದು ಮೂರು ಕಾಲಂ ಎಳೆದ. ತಾರೀಕು, ಹಾಡು, ಎಲ್ಲಿ ಅಂಟಿದ್ದು. ಆಟ ಹೀಗೆ: ಅವಳು ಗುನುಗುವ ಹಾಡು ಎಲ್ಲಿಂದ ಅಂಟಿಕೊಂಡಿತು ಎಂದು ಅವನು ಊಹಿಸಬೇಕು. ಸರಿಯಾದರೆ ಅವಳು ಒಪ್ಪಬೇಕು. ಪಕ್ಕದ ಮನೆ ಟಿವಿಯ ಸೋಪಿನ ಜಾಹೀರಾತು ನಾಲ್ಕು ದಿನ ಅಂಟಿತ್ತು. ಹಲ್ಲಿನ ಡಾಕ್ಟರ ಹತ್ತಿರ ಕಾಯುತ್ತಾ ಕೂತಾಗ ಕೇಳಿದ್ದು ಎರಡು ದಿನ. ಯಾರದೋ ಮೊಬೈಲಿನ ರಿಂಗು ಒಂದು ವಾರ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಅವನು ಹೆಚ್ಚು ಸಲ ಗೆಲ್ಲುತ್ತಿದ್ದ. ಕಿವಿಗೆ ಹಿಡಿದ ಗಡಿಯಾರದಲ್ಲಿ ಯಾವ ಚಕ್ರದ ಹಲ್ಲು ಸವೆದಿದೆ ಎಂದು ಹೇಳುವ ಕಿವಿ ಅದು.

ವರ್ಷ ಕಳೆದಂತೆ ಅವಳಿಗೆ ಆಟದಲ್ಲಿ ಬೇಸರ ಬಂತು. ಅವನಿಗೆ ಬರಲಿಲ್ಲ. ಪುಸ್ತಕವನ್ನು ಅಂಗಡಿಗೆ ಒಯ್ದು, ಸಣ್ಣ ಸ್ಕ್ರೂಗಳ ಡಬ್ಬಿಗಳ ಪಕ್ಕದಲ್ಲಿಟ್ಟುಕೊಂಡು ಒಬ್ಬನೇ ಬರೆಯತೊಡಗಿದ. ಒಂದು ಸಂಜೆ ಕೇಳಿದ:

"ಪೋಸ್ಟಾಫೀಸಿಗೆ ಹೋಗಿದ್ದೆ ಅಂದೆಯಲ್ಲ. ನೀನು ಗುನುಗ್ತಿರೋದು ಶೂ ಅಂಗಡಿ ಹಾಡು."

"ಶೂ ಅಂಗಡಿ ಮುಂದೇನೇ ಅಲ್ವಾ ರೀ ಹೋಗ್ಬೇಕು?"

"ಮುಂದೆ ಹೋದ್ರೆ ಒಂದು ಸಾಲು ಅಂಟುತ್ತೆ. ನಿಂಗೆ ಇಡೀ ಹಾಡು ಅಂಟಿದೆ. ಯಾರ ಜೊತೆ ನಿಂತಿದ್ದೆ?"

ಅವಳು ತಮಾಷೆ ಎಂದುಕೊಂಡು ನಕ್ಕಳು. ಅವನು ನಗಲಿಲ್ಲ. ಅವತ್ತಿನಿಂದ ಅವಳು ಹೊರಗೆ ಹೋಗಿ ಬಂದಾಗ ಬಾಯಿ ಬಿಗಿಹಿಡಿಯಲು ನೋಡುತ್ತಿದ್ದಳು. ಆದರೆ ಗುನುಗುವವರಿಗೆ ತಾವು ಗುನುಗುವುದು ಗೊತ್ತಾದರೆ ತಾನೆ ನಿಲ್ಲಿಸುವುದು?

ಅವಳಿಗೆ ತನ್ನವರೆಂದು ಇದ್ದದ್ದು ತಾಯಿ ಒಬ್ಬಳೇ. ಅವನು ಹೆಣ್ಣು ಕೇಳಲು ಹೋದಾಗ ಆ ತಾಯಿ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಳು: "ಒಂದು ಕಣ್ಣು ಮುಚ್ಕೊಂಡು, ಇನ್ನೊಂದು ಕಣ್ಣಲ್ಲಿ ದಿನವಿಡೀ ತಪ್ಪು ಹುಡುಕೋ ಕೆಲಸ ನಿಂದು. ನನ್ನ ಮಗಳಲ್ಲೂ ಅದನ್ನೇ ಹುಡುಕ್ತೀಯ." ಮಗಳು ಹಟ ಹಿಡಿದು ಅವನನ್ನೇ ಮದುವೆಯಾದಳು. ಆ ಮಾತನ್ನು ಅವನು ನುಂಗಿಕೊಂಡ, ಅರಗಿಸಿಕೊಳ್ಳಲಿಲ್ಲ. "ಆ ಹೊಸಿಲು ತುಳಿದ ದಿನ ಈ ಹೊಸಿಲು ಮರೆತುಬಿಡು" ಎಂದ. ಅವಳು ಏಳು ವರ್ಷ ತುಳಿಯಲಿಲ್ಲ.

ಎಂಟನೇ ವರ್ಷ ತಾಯಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ತೊದಲಿತು. ಅಕ್ಕಪಕ್ಕದವರು ಸೇರಿ ಅವಳನ್ನು ವೃದ್ಧಾಶ್ರಮಕ್ಕೆ ಸೇರಿಸಿದರು. ತಾಯಿಯ ಬೀದಿಯಲ್ಲೇ ಮನೆಯಿದ್ದ ಟೈಲರಮ್ಮ ಮಗಳಿಗೆ ಸುದ್ದಿ ಮುಟ್ಟಿಸಿದಳು. ಮಗಳು ಆ ಟೈಲರಮ್ಮನ ಅಂಗಡಿಯಲ್ಲೇ ಗುಂಡಿ ಹೊಲಿಯುವ ಕೆಲಸಕ್ಕಿದ್ದಳು. ಬುಧವಾರ ಅರ್ಧ ದಿನ ರಜೆ. "ಕೆಲಸ ಜಾಸ್ತಿ, ಇನ್ಮೇಲೆ ಬುಧವಾರನೂ ಸಂಜೆವರೆಗೆ" ಎಂದು ಗಂಡನಿಗೆ ಸುಳ್ಳು ಹೇಳಿ, ಬಸ್ಸು ಹತ್ತಿ ತಾಯಿಯ ಹತ್ತಿರ ಹೋಗತೊಡಗಿದಳು.

ಬುಧವಾರ ಮಧ್ಯಾಹ್ನ ಅಲ್ಲಿ ಕೈಕಾಲು ಬಿದ್ದವರನ್ನೆಲ್ಲ ಹಜಾರದಲ್ಲಿ ಕೂರಿಸಿ ನರ್ಸ್ ವ್ಯಾಯಾಮ ಮಾಡಿಸುತ್ತಿದ್ದಳು. ಬರೀ "ಬೆರಳೆತ್ತಿ" ಎಂದರೆ ಯಾರೂ ಎತ್ತುವುದಿಲ್ಲವೆಂದು ತಾನೇ ಒಂದು ಹಾಡು ಕಟ್ಟಿದ್ದಳು:

ಒಂದು ಬೆರಳು ಎದ್ದಿತು, ಪಕ್ಕದ್ದನ್ನು ಒದ್ದಿತು,
ಮೂಲೆಯಲ್ಲಿನ ಕಿರುಬೆರಳು ಬಿದ್ದು ಬಿದ್ದು ನಕ್ಕಿತು.

ತಾಯಿಯ ಬೆರಳು ಏಳುತ್ತಿರಲಿಲ್ಲ. ಮಗಳು ತನ್ನ ಕೈಯಿಂದ ಒಂದೊಂದಾಗಿ ಎತ್ತುತ್ತಾ ಹಾಡುತ್ತಿದ್ದಳು. ಮೂರನೇ ಬುಧವಾರ ಕಿರುಬೆರಳು ತಾನಾಗಿ ಅಲ್ಲಾಡಿದಾಗ ತಾಯಿ ಸೊಟ್ಟ ಬಾಯಲ್ಲೇ ನಕ್ಕಳು. ಅವತ್ತು ಸಂಜೆ ಮನೆಯಲ್ಲಿ ಮಗಳು ಪಾತ್ರೆ ತೊಳೆಯುತ್ತಾ ಅದನ್ನೇ ಮಾತಿನ ಸಮೇತ ಗುನುಗಿದಳು.

ಗಂಡ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ. ಮಕ್ಕಳ ಹಾಡು. ಮನೆಯಲ್ಲಿ ಮಕ್ಕಳಿಲ್ಲ, ಅಕ್ಕಪಕ್ಕದಲ್ಲೂ ಇಲ್ಲ. ಟೈಲರಮ್ಮನಿಗೆ ಮಕ್ಕಳಿಲ್ಲ.

"ಎಲ್ಲಿ ಅಂಟಿದ್ದು ಇದು?"

"ಯಾವುದು?" ಎಂದು ಅವಳು ಕೇಳಿದಳು. ನೊರೆಯ ಕೈಯಿಂದ ಲೋಟ ಜಾರಿ ಬಿತ್ತು.

ಅವನಿಗೆ ಅಷ್ಟೇ ಸಾಕಾಯಿತು. ಮುಂದಿನ ನಾಲ್ಕು ವಾರ ಬರೆದಿಟ್ಟ. ಬುಧವಾರ ಸಂಜೆ ಶುರುವಾಗುತ್ತದೆ, ಶುಕ್ರವಾರದವರೆಗೆ ಇರುತ್ತದೆ, ಶನಿವಾರ ಮಾಸುತ್ತದೆ. ವಾಚಿಗೆ ಬೆಲ್ಟು ಹಾಕಿಸಲು ಬಂದ ಸ್ಕೂಲ್ ಟೀಚರ್ ಒಬ್ಬಳಿಗೆ ಹಾಡಿ ತೋರಿಸಿ, "ಇದನ್ನ ಎಲ್ಲಾದ್ರೂ ಹೇಳಿಕೊಡ್ತಾರಾ ಮೇಡಂ?" ಎಂದು ಕೇಳಿದ. "ನಾನಂತೂ ಕೇಳಿಲ್ಲಪ್ಪ, ಯಾವುದೋ ಮನೆಯಲ್ಲಿ ಕಟ್ಟಿದ್ದಿರಬೇಕು" ಎಂದಳು ಅವಳು. 'ಯಾವುದೋ ಮನೆ' ಎಂದು ಅವನು ಬರೆದುಕೊಂಡ, ಕೆಳಗೆ ಗೆರೆ ಎಳೆದ.

ಟೈಲರಮ್ಮನ ಅಂಗಡಿಯ ಎದುರಿಗೆ ಒಂದು ಫೋಟೋ ಸ್ಟುಡಿಯೋ. ಅದರ ಮಾಲೀಕನ ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಏಳು ವರ್ಷದ ಮಗಳಿದ್ದಳು. ವಾಚ್ ರಿಪೇರಿಯವನ ಮನಸ್ಸು ಅಲ್ಲಿಗೆ ಹೋಗಿ ಕೂತಿತು, ಏಳಲಿಲ್ಲ.

ಒಂದು ಮಂಗಳವಾರ ಆ ಹುಡುಗಿಯೇ ಅಪ್ಪನ ಕೈಗಡಿಯಾರ ಹಿಡಿದು ಅವನ ಅಂಗಡಿಗೆ ಬಂದಳು. ಸೆಲ್ ಬದಲಿಸಬೇಕಿತ್ತು. ಸ್ಟೂಲಿನ ಮೇಲೆ ಕಾಲು ಆಡಿಸುತ್ತಾ ಕೂತು ಅವನ ಕೈಯನ್ನೇ ನೋಡಿದಳು. ಅವನು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಬಗ್ಗಿ ಕೆಲಸ ಮಾಡಿದ. ಆ ಹಾಡು ತಿಂಗಳಿಂದ ಅವನ ತಲೆಯೊಳಗೂ ಸುತ್ತುತ್ತಿತ್ತು. ಕೆಲಸ ಮಾಡುತ್ತಾ ತಾನು ಅದನ್ನು ಬಾಯಿಬಿಟ್ಟು, ಮಾತಿನ ಸಮೇತ ಹಾಡುತ್ತಿದ್ದೇನೆ ಎಂಬುದು ಅವನಿಗೆ ತಿಳಿಯಲಿಲ್ಲ. ಹುಡುಗಿ ಪೂರ್ತಿ ಕಲಿತು, ವಾಚು ತೆಗೆದುಕೊಂಡು ಹೋದಳು.

ಶುಕ್ರವಾರ ಮಧ್ಯಾಹ್ನ ಅವನು ಸ್ಟುಡಿಯೋ ಮುಂದೆ ಹಾದುಹೋಗುವಾಗ ಹುಡುಗಿ ಮೆಟ್ಟಿಲ ಮೇಲೆ ಕೂತು ಬೆರಳು ಎಣಿಸುತ್ತಿದ್ದಳು. "ಒಂದು ಬೆರಳು ಎದ್ದಿತು..."

ಅವನು ಹೋಗಿ ಅವಳ ಮಣಿಕಟ್ಟು ಹಿಡಿದ.

"ಯಾರು ಹೇಳಿಕೊಟ್ಟಿದ್ದು?"

"ನೀವೇ ಅಲ್ವಾ ಅಂಕಲ್?"

"ಸುಳ್ಳು! ಹೀಗೆ ಹೇಳು ಅಂತ ಯಾರು ಹೇಳಿದ್ದು? ಆ ಆಂಟಿ ತಾನೆ?"

"ಇಲ್ಲ ಅಂಕಲ್, ನೀವೇ... ಕೈ ನೋಯ್ತಿದೆ..."

ಅವನು ಹಿಡಿತ ಬಿಗಿ ಮಾಡಿದ. ದಿನವಿಡೀ ಕೂದಲೆಳೆಯಷ್ಟು ಸಣ್ಣ ಮುಳ್ಳುಗಳನ್ನು ಮುರಿಯದಂತೆ ಹಿಡಿಯುವ ಬೆರಳುಗಳು ಅವು. ಎಷ್ಟು ಒತ್ತಿದರೆ ಏನಾಗುತ್ತದೆ ಎಂದು ಅವುಗಳಿಗೆ ಚೆನ್ನಾಗಿ ಗೊತ್ತಿತ್ತು. ಹುಡುಗಿ ಕಿರುಚಿಕೊಂಡಳು. ಒಳಗಿಂದ ಅಪ್ಪ ಓಡಿ ಬಂದ.

"ಏನ್ರೀ ಇದು, ಮಗು ಕೈ ಬಿಡ್ರೀ!"

"ನನ್ನ ಹೆಂಡ್ತಿ ಬುಧವಾರ ಬುಧವಾರ ನಿಮ್ಮನೆಗೆ ಬರ್ತಾಳಲ್ಲ, ಏನಕ್ಕೆ? ಮಗೂಗೆ ಹಾಡು ಹೇಳಿಕೊಡೋಕಾ?"

"ನಿಮ್ಮ ಹೆಂಡ್ತಿನಾ? ಎದುರುಗಡೆ ಗುಂಡಿ ಹೊಲಿಯೋರಾ? ಒಂದ್ಸಲ ಪಾಸ್‌ಪೋರ್ಟ್ ಫೋಟೋಗೆ ಬಂದಿದ್ರು, ಅಷ್ಟೇ ಕಣ್ರೀ!"

ಬೀದಿಯೆಲ್ಲ ಕೇಳಿಸಿಕೊಂಡಿತು. ಅವನು ಎದುರಿನ ಅಂಗಡಿಗೆ ಹೋಗಿ, ಟೈಲರಮ್ಮನ ಮುಂದೆಯೇ ಹೆಂಡತಿಯನ್ನು ಎಬ್ಬಿಸಿದ. "ನಾಳೆಯಿಂದ ಇವಳು ಬರಲ್ಲ." ಸೂಜಿ ಅವಳ ಕೈಯಲ್ಲೇ ಇತ್ತು.

ಅವನು ಅವಳಿಗೆ ಹೊಡೆಯಲಿಲ್ಲ. ತಾನು ಹೊಡೆಯುವವನಲ್ಲ ಎಂಬುದು ಅವನಿಗೆ ದೊಡ್ಡ ಹೆಮ್ಮೆ. ಅವಳ ಮೊಬೈಲನ್ನು ಸ್ವಿಚ್ ಆಫ್ ಮಾಡಿ, ಕೆಟ್ಟ ಗಡಿಯಾರಗಳ ಡ್ರಾಯರಿನಲ್ಲಿಟ್ಟು ಬೀಗ ಹಾಕಿದ. ಮರುದಿನದಿಂದ ಅವಳನ್ನು ತನ್ನ ಜೊತೆ ಅಂಗಡಿಗೆ ಕರೆತಂದು ಕೌಂಟರಿನ ಹಿಂದೆ ಕೂರಿಸಿದ. ವಾಚಿನ ಬೆಲ್ಟುಗಳನ್ನು ಅಳತೆ ಪ್ರಕಾರ ಜೋಡಿಸುವ ಕೆಲಸ ಕೊಟ್ಟ. ಜೋಡಿಸಿ ಮುಗಿದರೆ ಪೆಟ್ಟಿಗೆ ಬೋರಲು ಹಾಕುತ್ತಿದ್ದ. "ಮತ್ತೆ ಜೋಡಿಸು."

ಅವಳು ಸತ್ಯ ಹೇಳಲು ಹೆದರಿದ್ದು ತನಗಾಗಿ ಅಲ್ಲ. ಹೇಳಿದರೆ ಇವನು ಆಶ್ರಮಕ್ಕೆ ಹೋಗುತ್ತಾನೆ, ಮಾತು ಬಾರದ ಅಮ್ಮನ ಎದುರು ನಿಂತು ಗೆದ್ದು ಬರುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಆದರೆ ಬುಧವಾರ ಹತ್ತಿರ ಬಂತು. ಮಂಗಳವಾರ ಮಧ್ಯಾಹ್ನ ಬಾಯಿಬಿಟ್ಟಳು. ಲಕ್ವ, ಆಶ್ರಮ, ನರ್ಸು, ಹಾಡು, ಎಲ್ಲವನ್ನೂ ಹೇಳಿ ಚೀಟಿಯ ಮೇಲೆ ಆಶ್ರಮದ ನಂಬರು ಬರೆದು ಕೌಂಟರಿನ ಮೇಲಿಟ್ಟಳು.

"ಫೋನ್ ಮಾಡಿ ಕೇಳ್ರಿ. ಈಗಲೇ ಕೇಳ್ರಿ."

ಅವನು ಚೀಟಿ ನೋಡಿದ. ಫೋನು ಒಂದು ಗೇಣು ದೂರದಲ್ಲಿತ್ತು.

"ಸಾಯೋ ಕಾಲಕ್ಕೆ ನಿಮ್ಮಮ್ಮ ಮಕ್ಕಳ ಹಾಡು ಹೇಳ್ತಾಳಾ? ಚೆನ್ನಾಗಿ ಕಟ್ಟಿದ್ದೀಯ ಕಥೆ."

"ನಾಳೆ ಒಂದು ಗಂಟೆ ಮಟ್ಟಿಗೆ ಬಿಡ್ರಿ. ಕಾಯ್ತಾ ಇರ್ತಾಳೆ ರೀ."

"ಹೋಗು. ಯಾರು ಹಿಡ್ಕೊಂಡಿದ್ದಾರೆ? ಹೋದ ಮೇಲೆ ಬರಬೇಡ, ಅಷ್ಟೇ."

ಬುಧವಾರ ಕೌಂಟರಿನ ಬಾಗಿಲು ತೆರೆದೇ ಇತ್ತು. ಒಂದೂವರೆಯ ಬಸ್ಸು ಅಂಗಡಿ ಎದುರಿಗೇ ಬಂದು ನಿಂತಿತು, ಹೋಯಿತು. ಎರಡೂವರೆಯದೂ ಹೋಯಿತು. ಕೈಯಲ್ಲಿ ಬಸ್ಸಿನ ಚಿಲ್ಲರೆಯೂ ಇಲ್ಲದ, ಹೋಗಿ ಮಲಗಲು ಒಂದು ಚಾಪೆಯಷ್ಟು ಜಾಗವೂ ಇಲ್ಲದ ಹೆಂಗಸು ಬೆಲ್ಟು ಜೋಡಿಸುತ್ತಾ ಕೂತಳು. ಅವನು ವಾರೆಗಣ್ಣಿನಲ್ಲಿ ನೋಡುತ್ತಿದ್ದ. ಅವಳು ಏಳದೆ ಇದ್ದದ್ದು ಅವನಿಗೆ ಇನ್ನೊಂದು ಸಾಕ್ಷಿಯಾಯಿತು. ನಿಜವಾಗಿ ತಾಯಿಯಾಗಿದ್ದರೆ ಯಾವ ಮಗಳು ಕೂತಿರುತ್ತಾಳೆ?

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಅಂಗಡಿಯ ಫೋನು ಬಡಿದುಕೊಂಡಿತು. ಟೈಲರಮ್ಮನಿಂದ ನಂಬರು ಪಡೆದು ನರ್ಸ್ ಫೋನು ಮಾಡಿದ್ದಳು.

"ಮಗಳು ಇದ್ದಾರಾ ಸಾರ್? ಅವರ ಮೊಬೈಲ್ ಸ್ವಿಚ್ ಆಫ್ ಬರ್ತಿದೆ."

"ನಾನು ಅವಳ ಗಂಡ. ಹೇಳಿ."

"ಅಮ್ಮ ಶನಿವಾರ ಮಧ್ಯಾಹ್ನ ಹೋಗ್ಬಿಟ್ರು ಸಾರ್. ಎಷ್ಟು ಸಲ ಮಾಡಿದ್ವಿ, ಸಿಗ್ಲೇ ಇಲ್ಲ. ಒಂದು ದಿನ ಕಾದ್ವಿ. ನಿನ್ನೆ ನಾವೇ ಎಲ್ಲಾ ಮುಗಿಸ್ಬೇಕಾಯ್ತು."

ಅವನು ಹೆಂಡತಿಯ ಕಡೆ ನೋಡಿದ. ಅವಳು ಕಂದು ಬಣ್ಣದ ಬೆಲ್ಟೊಂದನ್ನು ಅಳೆಯುತ್ತಿದ್ದಳು.

"ಒಂದು ವಿಷಯ ಕೇಳ್ಬೇಕಿತ್ತು" ಎಂದ ಫೋನಿಗೆ. "ಬುಧವಾರ ನೀವು ಅಲ್ಲಿ ಹಾಡು ಹೇಳಿಸ್ತೀರಾ?"

"ಸಾರ್?"

"ಹಾಡು. ಬೆರಳಿನ ಹಾಡು."

"ಹೌದು, ವ್ಯಾಯಾಮಕ್ಕೆ. ಯಾಕೆ ಸಾರ್?"

"ಒಂದ್ಸಲ ಹಾಡಿ."

ದುಃಖದಲ್ಲಿರುವವರು ಏನೇನೋ ಕೇಳುತ್ತಾರೆ ಎಂದು ನರ್ಸಿಗೆ ಗೊತ್ತಿತ್ತು. ಗಂಟಲು ಸರಿಮಾಡಿಕೊಂಡು, ಹಜಾರದಲ್ಲಿ ಹಾಡುವಷ್ಟೇ ಗಟ್ಟಿಯಾಗಿ ಎರಡು ಸಾಲನ್ನೂ ಹಾಡಿದಳು. ಹಳೆಯ ರಿಸೀವರಿನಿಂದ ಈ ಸಲ ದನಿ ಹೊರಗೂ ಕೇಳಿಸಿತು. ಹೆಂಡತಿಯ ಕೈ ನಿಂತಿತು. ಅವನು ರಿಸೀವರ್ ಇಟ್ಟ.

"ನೀನು ಹೇಳಿದ್ದು ನಿಜ" ಎಂದ.

ಅವಳ ಮುಖ ಅರಳಿತು. ಹತ್ತು ದಿನದಲ್ಲಿ ಮೊದಲ ಸಲ.

"ನೋಡಿದ್ರಾ? ನಾನು ಹೇಳ್ಲಿಲ್ವಾ ರೀ? ಹಾಗಾದ್ರೆ ನಾಡಿದ್ದು ಹೋಗ್ಲಾ?"

ಅವನು ಹೇಳಬೇಕಾಯಿತು. ಎರಡೇ ಮಾತಿನಲ್ಲಿ ಹೇಳಿದ. ಅವಳು ಅಳಲಿಲ್ಲ. ಅಳತೆಪಟ್ಟಿಯನ್ನು ಮಡಿಸಿಟ್ಟು, "ಯಾವಾಗ?" ಎಂದಳು. "ಶನಿವಾರ." "ಇವತ್ತು ಯಾವ ವಾರ?" "ಸೋಮವಾರ." ಬೆರಳಲ್ಲಿ ಎಣಿಸಿ ನೋಡಿ ಎದ್ದಳು. ತೆರೆದಿದ್ದ ಬಾಗಿಲಿನಿಂದ ಹೊರಗೆ ಹೋದಳು. ಅವನು ಅಂಗಡಿ ಬಾಗಿಲು ಅರ್ಧ ಎಳೆದು ಹಿಂದೆ ಓಡಿದ.

ಆಶ್ರಮದಲ್ಲಿ ಮಂಚ ಖಾಲಿಯಾಗಿತ್ತು, ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದರು. ನರ್ಸ್ ಒಂದು ಬಟ್ಟೆಚೀಲ ತಂದುಕೊಟ್ಟಳು. ಎರಡು ಸೀರೆ, ಕನ್ನಡಕ, ಬಾಚಣಿಗೆ.

"ಬುಧವಾರ ತುಂಬಾ ಹಟ ಮಾಡಿದ್ರು. ಬಾಗಿಲ ಕಡೆಗೇ ಕುರ್ಚಿ ಹಾಕಿಸ್ಕೊಂಡು ಕೂತ್ರು. ನಂಗೂ ಹತ್ತು ಜನ ನೋಡ್ಕೋಬೇಕಲ್ಲ ಅಕ್ಕ, ಬೇಸರದಲ್ಲಿ ಅಂದ್ಬಿಟ್ಟೆ, 'ನಿಮ್ಮ ಮಗಳಿಗೆ ಸಾಕಾಗಿರಬೇಕು ಅಜ್ಜಿ, ಇನ್ನು ಬರಲ್ಲ' ಅಂತ. ಆಮೇಲೆ ಕೇಳ್ಲಿಲ್ಲ ಅವರು. ಊಟನೂ ಕೇಳ್ಲಿಲ್ಲ."

ಮಗಳು ತಲೆಯಾಡಿಸಿದಳು. ಚೀಲ ಹೊರಲು ಗಂಡ ಕೈ ಚಾಚಿದಾಗ ಇನ್ನೊಂದು ಹೆಗಲಿಗೆ ಬದಲಿಸಿಕೊಂಡಳು.

ಬಸ್ಸಿನಲ್ಲಿ ಅವನು ಮೆಲ್ಲಗೆ ಹೇಳಿದ, "ಮೊದಲೇ ಹೇಳಿದ್ರೆ ಇಷ್ಟೆಲ್ಲಾ ಆಗ್ತಿತ್ತಾ?"

"ಮಂಗಳವಾರ ಹೇಳಿದ್ನಲ್ಲ."

"ನಂಬೋ ಹಾಗೆ ಹೇಳ್ಬೇಕಿತ್ತು."

ಅವಳು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು, ಹೊಸಬರನ್ನು ನೋಡುವ ಹಾಗೆ. ಟೈಲರಮ್ಮನ ಅಂಗಡಿಯ ಬೀದಿಯಲ್ಲಿ ಇಳಿದುಹೋದಳು. ಟೈಲರಮ್ಮ ಹಿಂದಿನ ಕೋಣೆಯಲ್ಲಿದ್ದ ಬಟ್ಟೆಯ ರಾಶಿಯನ್ನು ಒಂದು ಬದಿಗೆ ಸರಿಸಿ ಜಾಗ ಮಾಡಿಕೊಟ್ಟಳು. ಅವನು ದಿನಾ ಹೋಗಿ ಬಾಗಿಲಲ್ಲಿ ನಿಂತ. ಹೆಂಡತಿ ತಲೆ ಎತ್ತಲಿಲ್ಲ. ಐದನೇ ದಿನ ಟೈಲರಮ್ಮ ಕತ್ತರಿ ಕೆಳಗಿಡದೆಯೇ ಹೇಳಿದಳು, "ಏನಪ್ಪಾ, ಬಟ್ಟೆ ಹೊಲಿಸೋದಿದೆಯಾ? ಇಲ್ಲ ಅಂದ್ರೆ ಬೆಳಕಿಗೆ ಅಡ್ಡ ನಿಲ್ಲಬೇಡ."

ಎದುರಿನ ಸ್ಟುಡಿಯೋಗೂ ಹೋದ. ತಪ್ಪಾಯಿತು ಎಂದ. ಫೋಟೋದವನು ಯಾರದೋ ಮದುವೆಯ ಚಿತ್ರಗಳನ್ನು ಕತ್ತರಿಸುತ್ತಿದ್ದ. "ನಿಮ್ಮ ಹೆಂಡ್ತಿ ಹೆಸರು ನನ್ನ ಹೆಸರಿನ ಜೊತೆ ಬೀದಿಗೆ ಬಿತ್ತು, ಅದು ಹೋಗ್ಲಿ. ನನ್ನ ಮಗಳು ನಿಜ ಹೇಳಿ ನೋವು ತಿಂದಳು. ಈಗ ಏನು ಕೇಳಿದ್ರೂ 'ಗೊತ್ತಿಲ್ಲ' ಅಂತಾಳೆ. ಹೋಗ್ರಿ, ಹೋಗ್ರಿ."

ಅವನು ಹೋದ. ಅಂಗಡಿ ಎಂದಿನಂತೆ ಒಂಬತ್ತಕ್ಕೆ ತೆರೆಯುತ್ತದೆ. ಹಳೆಯ ಗಿರಾಕಿಗಳು ಬಂದು, "ಏನು, ಮನೆಯವರು ಕಾಣ್ತಿಲ್ಲ?" ಎಂದು ಕೇಳುತ್ತಾರೆ. ಅವನು ಮಸೂರ ತೆಗೆಯದೆ ಹೇಳುತ್ತಾನೆ:

"ತವರಿಗೆ ಹೋಗಿದ್ದಾಳೆ."

"ಒಳ್ಳೇದಾಯ್ತು ಬಿಡಿ. ತಾಯಿ ಜೊತೆ ನಾಲ್ಕು ದಿನ ಇದ್ದು ಬರ್ಲಿ. ನನ್ನ ವಾಚು ಯಾವಾಗ ಕೊಡ್ತೀರಿ?"

"ಗುರುವಾರ ಬನ್ನಿ" ಎನ್ನುತ್ತಾನೆ.