ಐದನೇ ಹಾಜರಿ

ಮಕ್ಕಳು ದೊಡ್ಡವರಾದ ಮೇಲೆ ನಾನು ಎಂಎಸ್ಸಿಗೆ ಸೇರಿದೆ. ಕೀಟಶಾಸ್ತ್ರ. "ಜಿರಲೆ ಕಂಡ್ರೆ ಕುರ್ಚಿ ಹತ್ತೋಳು ನೀನು!" ಅಂತ ಮಗಳು ನಕ್ಕಳು. ನಗಲಿ ಬಿಡಿ. ಈ ಸೀಟಿಗೆ ನಾನು ಎಷ್ಟು ವರ್ಷ ಕಾದಿದ್ದೆ ಅಂತ ಅವಳಿಗೇನು ಗೊತ್ತು?

ಡಿಗ್ರಿಯಲ್ಲಿ ನಮ್ಮ ಕ್ಲಾಸಿಗೆ ನೂರಿಪ್ಪತ್ತು ಜನ. ಕೊನೇ ಬೆಂಚಲ್ಲಿ ಸುಖವಾಗಿ ತೂಕಡಿಸಿದ್ದೆ. ಇಲ್ಲಿ ಮೊದಲ ದಿನ ಒಳಗೆ ಕಾಲಿಟ್ಟರೆ ಒಂದು ಮೇಜು, ಸುತ್ತ ಆರು ಕುರ್ಚಿ!

"ಮಿಕ್ಕವರೆಲ್ಲಿ ಸರ್?" ಅಂದೆ.

"ಇಷ್ಟೇ ಕಣಮ್ಮಾ. ನೀವು ಐದು ಜನ, ಆರನೆಯವನು ನಾನು," ಅಂದರು ಮೇಷ್ಟ್ರು. "ಐದಕ್ಕಿಂತ ಕಡಿಮೆಯಾದ್ರೆ ಕ್ಲಾಸೇ ಇಲ್ಲ. ಆಫೀಸಿನವರು ಬಂದು ತಲೆ ಎಣಿಸ್ತಾರೆ."

ಐದು ಜನರಲ್ಲಿ ಅಡಗಿ ಕೂರೋದೆಲ್ಲಿ? ಎಲ್ಲರೂ ಬಾಯಿ ಬಿಡಲೇಬೇಕು. ಒಬ್ಬಳು ಮಾತ್ರ ಬಿಡುತ್ತಿರಲಿಲ್ಲ. ಏನು ಕೇಳಿದರೂ ಬೋರ್ಡಿನ ಮೇಲೆ ಬರೆದು ತೋರಿಸೋಳು. ಮೌನಿ ಅಂತ ಹೆಸರಿಟ್ಟೆವು. ಯಾಕಿರಬಹುದು? ಮೂಗು ತೂರಿಸೋದು ನನ್ನ ಹುಟ್ಟುಗುಣ, ಯೋಚಿಸಿ ಯೋಚಿಸಿ ತಲೆ ಕೆಟ್ಟುಹೋಯಿತು. ಅಷ್ಟರಲ್ಲಿ ಅವಳು ಬರೋದೇ ನಿಂತಿತು.

ಆಗಲೇ ಆಫೀಸಿನ ಗುಮಾಸ್ತರು ಬಂದು ಬಾಗಿಲಲ್ಲಿ ನಿಂತರು. ಅವರೆದುರು ಮೇಷ್ಟ್ರು ಒಂದೊಂದೇ ಹೆಸರು ಕೂಗಿದರು. ಮೌನಿಯ ಸರದಿ ಬಂತು. ಅಯ್ಯೋ, ಹಾಳು ಅಭ್ಯಾಸ! ಡಿಗ್ರಿ ಕಾಲದಲ್ಲಿ ಗೆಳತಿಯರಿಗೆಲ್ಲ ಹಾಜರಿ ಕೂಗಿದ ಬಾಯಿ ಇದು. ತಲೆ ಬಗ್ಗಿಸಿ, ಸಣ್ಣ ದನಿ ತೆಗೆದು, "ಹಾಜರ್ ಸರ್" ಅಂದುಬಿಟ್ಟೆ.

ಎಲ್ಲರೂ ನನ್ನನ್ನೇ ನೋಡಿದರು.

"ಖಾಲಿ ಕುರ್ಚಿಗೂ ಬಾಯಿ ಬಂತೇನಮ್ಮಾ?" ಅಂದರು ಗುಮಾಸ್ತರು. "ನಾಳೆ ಮತ್ತೆ ಬರ್ತೀನಿ. ಐದು ಜನ ಇಲ್ದಿದ್ರೆ ಬೀಗ."

ನಾಚಿಕೆ ಹಾಳಾಗಲಿ, ನನಗೆ ಅಳುವೇ ಬಂತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ!

ಸಂಜೆ ಹಾಸ್ಟೆಲಿಗೆ ಹೋದೆ. ಮೌನಿ ಬಟ್ಟೆ ಮಡಚಿ ಪೆಟ್ಟಿಗೆಗೆ ತುಂಬುತ್ತಿದ್ದಳು. ಬಯ್ಯೋಣ ಅಂತ ಹೋದವಳು ಹಾಜರಿಯ ಕಥೆ ಹೇಳಿಬಿಟ್ಟೆ.

"ನನ್ನ ದನೀನ ಹೇಗೆ ಮಾಡಿದ್ರಿ ಅಕ್ಕಾ?"

ಯಾರೋ ಗಂಡಸು ಒಳಗೆ ಬಂದ ಅಂತ ನಾನು ಗಕ್ಕನೆ ಹಿಂದೆ ತಿರುಗಿದೆ. ಯಾರೂ ಇರಲಿಲ್ಲ.

ಅವಳ ಮುಖ ಸಪ್ಪಗಾಯಿತು. "ನೋಡಿದ್ರಾ? ಎಲ್ರೂ ಹೀಗೇ ತಿರುಗಿ ನೋಡ್ತಾರೆ. ದೊಡ್ಡ ಕ್ಲಾಸಲ್ಲಿ ಸುಮ್ಮನಿದ್ದೇ ಪಾಸಾದೆ. ಇಲ್ಲಿ ಐದೇ ಜನ. ಎಷ್ಟು ದಿನ ಅಂತ ಬಾಯಿ ಮುಚ್ಕೊಂಡಿರಲಿ?"

ನನ್ನ ಕತ್ತನ್ನು ನಾನೇ ಹಿಸುಕಿಕೊಳ್ಳೋಣ ಅನ್ನಿಸಿತು. "ಇಲಿಮರಿ ಹಾಗೆ ಕೀಂ ಅಂದೆ ಕಣೇ," ಅಂದೆ ಮೆಲ್ಲಗೆ.

ಅವಳು ನಕ್ಕಳು. ಆಮೇಲೆ ಮತ್ತೆ ಬಟ್ಟೆ ಮಡಚತೊಡಗಿದಳು. ಬರ್ತೀನಿ ಅನ್ನಲಿಲ್ಲ, ಬರಲ್ಲ ಅಂತಲೂ ಅನ್ನಲಿಲ್ಲ.

ಮರುದಿನ ಬೇಗ ಹೋಗಿ ಉಳಿದ ಮೂವರಿಗೂ ತಾಕೀತು ಮಾಡಿದೆ: "ಏನೇ ಕೇಳಿಸಲಿ, ಯಾರೂ ತಿರುಗಿ ನೋಡಬಾರದು. ಯಾಕೆ ಅಂತ ಕೇಳಬೇಡಿ."

ಗುಮಾಸ್ತರು ಬಂದು ಬಾಗಿಲಲ್ಲಿ ನಿಂತರು. ನಾಲ್ಕು ಹೆಸರು ಮುಗಿಯಿತು, ಐದನೇ ಕುರ್ಚಿ ಖಾಲಿ. ಕೊನೇ ಹೆಸರು ಕೂಗುವಾಗ ಮೇಷ್ಟ್ರು ನನ್ನನ್ನೇ ದುರುಗುಟ್ಟಿದರು. ನಾನು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡೆ.

"ಹಾಜರ್ ಸರ್!"

ಕಿಟಕಿ ಗಾಜು ಅದುರೋ ಹಾಗಿತ್ತು ಆ ದನಿ. ಗುಮಾಸ್ತರು ಬೆಚ್ಚಿಬಿದ್ದು ಹಿಂದೆ ತಿರುಗಿದರು. ನಾವು ನಾಲ್ವರೂ ತಿರುಗಿ ನೋಡಲಿಲ್ಲ. ನಾನು ಮಾತ್ರ ಕೈ ಚಾಚಿ ಅವಳ ಕುರ್ಚಿ ಎಳೆದಿಟ್ಟೆ.