ಚನ್ನಬಸವಯ್ಯನವರ ತಲೆಗೊಂದು ಪೇಟ

ಮೈಸೂರಿನಲ್ಲಿ ಯಾರಿಗೆ ಸನ್ಮಾನವಾದರೂ ಪೇಟ ಹೋಗುತ್ತಿದ್ದುದು ದೇವರಾಜ ಮೊಹಲ್ಲಾದ ಚನ್ನಬಸವಯ್ಯನವರ ಅಂಗಡಿಯಿಂದ. ಅವರೇ ವೇದಿಕೆ ಹತ್ತಿ, ಗಣ್ಯರ ಬೆನ್ನ ಹಿಂದೆ ನಿಂತು, ಪೇಟವನ್ನು ನೆಟ್ಟಗೆ ಕೂರಿಸಿ, ಫೋಟೋ ಹೊಡೆಯುವ ಮೊದಲೇ ಬಗ್ಗಿ ಸರಿದುಬಿಡುತ್ತಿದ್ದರು. ಊರಿನ ದೊಡ್ಡವರನ್ನು ಅವರು ಮುಖ ನೋಡಿ ಗುರುತಿಸುವುದಿಲ್ಲ. ನೆತ್ತಿ ತೋರಿಸಿದರೆ ಹೆಸರು, ಮನೆದೇವರು ಎರಡೂ ಹೇಳುತ್ತಾರೆ.

ಅವರ ಬೀಗರು ಸಿದ್ದಲಿಂಗಸ್ವಾಮಿಯವರದು ವಿಜಯನಗರದಲ್ಲಿ ಊದುಬತ್ತಿ ಕಾರ್ಖಾನೆ. ಅವರ ಹಜಾರದ ತುಂಬ ಪೇಟ ತೊಟ್ಟ ಫೋಟೋಗಳು. ಬಣ್ಣ ಬಳಿಯಲು ಬಂದವನು ಗೋಡೆ ಸಿಗದೆ ವಾಪಸು ಹೋದನಂತೆ. ಹಬ್ಬಕ್ಕೆ ಕರೆದಾಗಲೆಲ್ಲ ಅವರದು ಒಂದೇ ಮಾತು: "ನಿಮ್ದೊಂದು ಫೋಟೋನೂ ಇಲ್ವಲ್ಲ ಬೀಗ್ರೇ. ಊರಿಗೆಲ್ಲಾ ಪೇಟ, ನಿಮ್ಗೆ ಬರೀ ತಲೆ."

ಹೀಗಿರುವಾಗ ವ್ಯಾಪಾರಿಗಳ ಸಂಘದವರು ಚನ್ನಬಸವಯ್ಯನವರಿಗೆ 'ಉದ್ಯಮ ಶಿಖರ' ಪ್ರಶಸ್ತಿ ಎಂದರು. ಪ್ರಶಸ್ತಿ ಹಾಳಾಗಲಿ, ಪೇಟ ತೊಟ್ಟ ಒಂದು ಫೋಟೋ ಸಿಕ್ಕರೆ ಸಾಕಿತ್ತು ಅವರಿಗೆ. ಅಂದಿನಿಂದ ಅನ್ನ ರುಚಿಸಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಸನ್ಮಾನವಾಗುವವರ ಅಂಗಡಿಯಿಂದಲೇ ಪೇಟ ತರಿಸುವುದು ಮರ್ಯಾದೆಯಲ್ಲವೆಂದು ಸಂಘದವರು ಬೇರೆ ಕಡೆಯಿಂದ ತರಿಸಿದರು. ತೊಂದರೆ ಹುಟ್ಟಿದ್ದೇ ಅಲ್ಲಿ.

ಸಭೆಯ ದಿನ ಮುಂದಿನ ಸಾಲಿನಲ್ಲಿ ಕೂತ ಚನ್ನಬಸವಯ್ಯನವರ ಕಣ್ಣಿಗೆ ಬಿದ್ದದ್ದು ಮುಖ್ಯ ಅತಿಥಿ ಮನೋಹರ್ ಅವರ ತಲೆ.

"ಕಾಲು ಅಲ್ಲಾಡಿಸ್ಬೇಡಿ, ಸಾಲಿಗೆ ಸಾಲೇ ನಡುಗ್ತಾ ಇದೆ," ಎಂದರು ಹೆಂಡತಿ ಪ್ರೇಮಲೀಲಾ.

"ಆ ಪೇಟ ನೋಡೇ. ಎಡಕ್ಕೆ ಜಾರ್ತಾ ಇದೆ."

"ಜಾರ್ಲಿ ಬುಡಿ. ಇವತ್ತು ನೀವು ಅಂಗಡಿಯೋರಲ್ಲ ಕಣ್ರೀ."

ಹೆಸರು ಕರೆದರು. ಶಾಲು ಹೊದಿಸಿದರು, ತಲೆಗೆ ಪೇಟ ಇಟ್ಟರು, ಫಲಕ ಕೊಡಲು ಮನೋಹರ್ ಪಕ್ಕಕ್ಕೆ ಬಂದು ನಿಂತರು. ಫೋಟೋಗ್ರಾಫರ್ ಸುಂದರೇಶ, "ಇತ್ಲಾಗ್ ನೋಡಿ ಸಾರ್," ಎಂದ. ಅಷ್ಟು ಕೇಳಿದ್ದೇ ತಡ, ವರ್ಷಗಳ ಅಭ್ಯಾಸ ಮೈಯೊಳಗೆ ಎದ್ದು ನಿಂತಿತು. ಚನ್ನಬಸವಯ್ಯನವರ ಕೈಗಳು ತಾವಾಗಿಯೇ ಮೇಲೆದ್ದು ಮನೋಹರ್ ಅವರ ಪೇಟ ನೆಟ್ಟಗೆ ಮಾಡಿದವು. ಸೊಂಟ ತಾನಾಗಿಯೇ ಬಗ್ಗಿತು. ಅವರ ತಲೆಯ ಮೇಲಿದ್ದ ಸನ್ಮಾನದ ಪೇಟ ಉರುಳಿ ನೆಲಕ್ಕೆ ಬಿತ್ತು. ಅವರು ಸರಸರನೆ ಪಕ್ಕಕ್ಕೆ ಸರಿದರು. ಫೋಟೋದಲ್ಲಿ ಮನೋಹರ್ ಒಬ್ಬರೇ ಫಲಕ ಹಿಡಿದು ಗಾಳಿಗೆ ಪ್ರಶಸ್ತಿ ಕೊಡುತ್ತಿದ್ದರು.

"ಇನ್ನೊಂದ್ ಸಲ," ಎಂದ ಸುಂದರೇಶ.

ಇನ್ನೊಂದು ಸಲವೂ ಅದೇ ಆಯಿತು. ಅದರ ಮುಂದಿನ ಸಲಕ್ಕೆ ಮನೋಹರ್ ಮೆಲ್ಲಗೆ, "ಪೇಟದೋರು ಆಮೇಲ್ ಬನ್ನಿ. ಪ್ರಶಸ್ತಿ ತಗೊಳ್ಳೋರು ಎಲ್ಲಿ?" ಎಂದರು.

ಚನ್ನಬಸವಯ್ಯನವರ ಕಣ್ಣಲ್ಲಿ ನೀರು ಬಂತು. "ನಾನೇ ಸಾರ್ ಅದು. ಕೈ ಮಾತು ಕೇಳ್ತಾ ಇಲ್ಲ."

ಆಗ ಪ್ರೇಮಲೀಲಾ ಸೆರಗು ಸಿಕ್ಕಿಸಿಕೊಂಡು ವೇದಿಕೆ ಹತ್ತಿದರು. ಗಂಡನ ತಲೆಗೆ ಪೇಟ ಒತ್ತಿ, ಹಿಂದೆ ನಿಂತು, ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡರು. ಮನೋಹರ್ ಅವರ ಪೇಟ ಆಗಲೇ ಮತ್ತೆ ಎಡಕ್ಕೆ ಜಾರಿತ್ತು. "ತೆಗಿಯಪ್ಪ ಬೇಗ, ಜಾಸ್ತಿ ಹೊತ್ತು ತಡಿಯೋಕಾಗಲ್ಲ."

ಆ ಫೋಟೋ ಈಗ ಚನ್ನಬಸವಯ್ಯನವರ ಹಜಾರದಲ್ಲಿದೆ. ಪೊಲೀಸರು ಹಿಡಿದು ತಂದವರಿಗೆ ಪೇಟ ತೊಡಿಸಿದಂತಿದೆ, ಆದರೂ ತಲೆ ಅವರದೇ. ನೋಡಲು ಬಂದ ಬೀಗರು ಕತ್ತು ಓರೆ ಮಾಡಿ, "ಫ್ರೇಮು ಸೊಟ್ಟ ಐತಲ್ಲ ಬೀಗ್ರೇ," ಎಂದು ಕೈ ಚಾಚಿದರು.

"ಮುಟ್ಬೇಡಿ," ಎಂದರು ಚನ್ನಬಸವಯ್ಯ. "ಮನೋಹರ್ ಸಾಹೇಬ್ರ ಪೇಟ ನೆಟ್ಟಗಾಗ್ಲಿ ಅಂತ ನಾನೇ ಹಂಗ್ ಹಾಕಿರೋದು."