ಕಾಲಿಗಿದ್ದ ಮರ್ಯಾದೆ

"ಹೊರೋರು ಬರ್ತಿದ್ದಾರೆ, ದಾರಿ ಬಿಡಿ" ಎನ್ನುತ್ತ ಭಾವ ಬಾಗಿಲಿಗೆ ಒರಗಿಸಿದ್ದ ಊರುಗೋಲುಗಳನ್ನು ಎತ್ತಿ ಮೂಲೆಗೆ ಎಸೆದರು. ಎರಡೂ ಗೋಡೆಗೆ ಬಡಿದು ದಡಾರನೆ ಬಿದ್ದವು.

ನಡುಮನೆಯಲ್ಲಿ ಮಲಗಿದ್ದವನಿಗೆ ಇನ್ನು ಊರುಗೋಲು ಬೇಕಿರಲಿಲ್ಲ. ಊರಿನ ಅರ್ಧ ಕಿಟಕಿಗಳಿಗೆ ಗಾಜು ಕೂರಿಸಿದವನು, ನಿನ್ನೆ ಬೆಳಿಗ್ಗೆ ಮೊದಲ ಮಹಡಿಯ ಈ ಮನೆಯ ಬಾಲ್ಕನಿಯಿಂದ ಕೆಳಗೆ ಬಿದ್ದು ಸತ್ತಿದ್ದ. ತಲೆ ಕಟ್ಟೆಯ ಅಂಚಿಗೆ ಬಡಿದಿತ್ತು. ಬಂದವರೆಲ್ಲ ಗುಸುಗುಸು ಎನ್ನುತ್ತಿದ್ದುದನ್ನು, ಸತ್ತವನ ಅಣ್ಣನೇ ಆದ ಭಾವ ಗಂಟಲೆತ್ತಿಯೇ ಹೇಳಿದ್ದರು: "ಹಾರಿದ್ದನ್ನ ಎದುರುಮನೆಯೋರು ಕಂಡಿದ್ದಾರಮ್ಮ. ಕುಡುಕನಿಗೆ ಹೆಂಡತಿ ಮಕ್ಕಳ ನೆನಪೆಲ್ಲಿ ಇರುತ್ತೆ?"

ಹೆಂಡತಿಯ ಕಣ್ಣೆಲ್ಲ ಮಗಳ ಮೇಲಿತ್ತು. ಹೈಸ್ಕೂಲಿನ ಹುಡುಗಿ ಅಡುಗೆಮನೆಯ ಬಾಗಿಲಿಗೆ ಅಂಟಿಕೊಂಡು ನಿಂತಿದ್ದಳು. ಅತ್ತಿರಲಿಲ್ಲ, ಅಪ್ಪನ ಹತ್ತಿರವೂ ಹೋಗಿರಲಿಲ್ಲ.

"ಒಂದ್ಸಲ ಮುಖ ನೋಡು ಬಾ, ಪುಟ್ಟಿ."

"ನಾವು ಬೇಡ ಅಂತ ತಾನೇ ಹೋಗಿದ್ದು? ನಾನ್ಯಾಕೆ ನೋಡ್ಲಿ?"

ಸತ್ತವನನ್ನು ಮಣ್ಣಿಗೆ ಕೊಡಬಹುದು, ಈ ಮಾತನ್ನು ಎಲ್ಲಿ ಹೂಳುವುದು? ಆಗ ಹೆಂಡತಿಯ ಕಣ್ಣು ಮೂಲೆಗೆ ಹೋಯಿತು. ಅಟ್ಟದಲ್ಲಿದ್ದ ಊರುಗೋಲುಗಳು ಬಾಗಿಲಿಗೆ ಹೇಗೆ ಬಂದವು?

*

ಹೋದ ವರ್ಷ ಏಣಿ ಜಾರಿ ಕಾಲು ಮುರಿದಾಗ ವಿಮೆ ಕಂಪನಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆ ಕಾಲಿಗೆ ಎ.ಸಿ. ರೂಮು, ಎರಡು ಆಪರೇಷನ್, ದಿನಾ ಬಂದು ಮಂಡಿ ಮಡಿಸಿ ಬಿಡಿಸಲು ಒಬ್ಬಳು. ಕಾಲಿನ ನೆಪದಲ್ಲಿ ಕುಡಿತವೂ ನಿಂತಿತು. ಮೊದಮೊದಲು ನಡುಗಿದ, ಇಲ್ಲದ ಹುಳುಗಳನ್ನು ಹಾಸಿಗೆಯಿಂದ ಕೊಡವಿದ. ಔಷಧಿ ಕೊಟ್ಟು ದಾಟಿಸಿದರು. ಒಂದು ಸಂಜೆ ಮಗಳ ಪೆನ್ಸಿಲ್ ಇಸಿದುಕೊಂಡು, ಸ್ಕೇಲಿಲ್ಲದೆ ನೇರ ಗೆರೆ ಎಳೆದು ತೋರಿಸಿ ಬೀಗಿದ.

"ಇದೇ ಸಮಯ. ಕುಡಿತ ಬಿಡಿಸೋ ಪಕ್ಕದ ವಿಭಾಗದಲ್ಲಿ ಇನ್ನೆರಡು ತಿಂಗಳಿರಲಿ" ಎಂದರು ಡಾಕ್ಟರು. ಹೆಂಡತಿ ಕಂಪನಿಗೆ ಫೋನು ಮಾಡಿದಳು.

"ಕುಡಿಯೋದು ನಿಲ್ಲಿಸಿದ್ದಾರೆ ಅಂತ ಡಾಕ್ಟರೇ ಬರ್ದಿದ್ದಾರಲ್ಲ ಮೇಡಂ. ನಿಲ್ಲಿಸಿದೋರಿಗೆ ನಿಲ್ಲಿಸೋ ಚಿಕಿತ್ಸೆ ಯಾಕೆ?"

"ಮತ್ತೆ ಶುರು ಮಾಡಿದ್ರೆ?"

"ಅದು ಅವರಾಗೇ ತಂದುಕೊಂಡಿದ್ದು. ಪಾಲಿಸಿಯಲ್ಲಿ ಬರಲ್ಲ."

ಅವನು ಮಂಚದ ಮೇಲೆ ಬಿದ್ದು ಬಿದ್ದು ನಕ್ಕ. "ನನ್ನ ಕಾಲಿಗಿರೋ ಮರ್ಯಾದೆ ನನಗಿಲ್ಲ ಕಣೇ!"

ಮನೆಗೆ ಬಂದ ಮೇಲೆ ಕೆಲವು ವಾರ ತಡೆದ. ಆಮೇಲೆ ತಡೆಯಲಾಗಲಿಲ್ಲ. ಕಳೆದ ವಾರ, ನಡುಗುವ ಕೈಯಿಂದ ಚೆಲ್ಲಿದ ಚಹಾ ಒರೆಸುತ್ತ ಹೇಳಿದ್ದ: "ಇನ್ನೊಂದ್ಸಲ ಕಾಲು ಮುರ್ಕೊಂಡ್ರೆ ಒಳಗೆ ಬಿಟ್ಕೋತಾರೆ, ನೋಡ್ತಿರು."

"ಬಾಯಲ್ಲಿ ಒಳ್ಳೇದೇ ಬರಲ್ವಾ ನಿನಗೆ?" ಎಂದು ಅವಳು ಗದರಿ ಸುಮ್ಮನಾಗಿದ್ದಳು.

*

ಹೆಂಡತಿ ಎದ್ದು ಹೋಗಿ ಊರುಗೋಲನ್ನು ಕೈಗೆತ್ತಿಕೊಂಡಳು. ಒಂದು ಚೂರು ಧೂಳಿಲ್ಲದಂತೆ ಒರೆಸಿದ್ದ. ಸವೆದುಹೋಗಿದ್ದ ತುದಿಗಳಿಗೆ ಹೊಸ ರಬ್ಬರು ಹಾಕಿದ್ದ. ಬಾಗಿಲ ಹಿಂದೆ ಆಸ್ಪತ್ರೆಗೆ ಒಯ್ದಿದ್ದ ಅದೇ ಚೀಲವಿತ್ತು. ಜಿಪ್ಪು ಎಳೆದಳು. ಟವೆಲು, ಟೂತ್‌ಬ್ರಷ್ಷು, ಶೇವಿಂಗ್ ಸೆಟ್ಟು, ಮಗಳ ಒಂದು ಪೆನ್ಸಿಲು.

"ಭಾವ, ಇಲ್ಲಿ ನೋಡಿ. ಸಾಯೋಕೆ ಹೋಗೋನು ಬ್ರಷ್ಷು ತಗೊಂಡು ಹೋಗ್ತಾನಾ?"

ಭಾವ ಚೀಲ ನೋಡಿದರು. "ಕಂಪನಿಯೋರು ಅವತ್ತೇ ಒಪ್ಪಿದ್ದಿದ್ರೆ..." ಎಂದಳು ಹೆಂಡತಿ.

ಗಾಜಿನಂಗಡಿಯ ಮಾಲೀಕ ಮೆಲ್ಲಗೆ ಸಮಾಧಾನಕ್ಕೆ ಬಂದ. "ಕಂಪನಿಯೋರದ್ದೂ ತಪ್ಪಿಲ್ಲಮ್ಮ, ರೂಲ್ಸು..."

"ರೂಲ್ಸಾ? ಕುಡೀತಾ ಇದ್ರೆ ತಾನೇ ತಂದ್ಕೊಂಡಿದ್ದು, ಬಿಟ್ರೆ ಕಾಯಿಲೇನೇ ಇಲ್ಲ! ಇನ್ನು ಯಾವ ಬಾಗಿಲು ತಟ್ಟಬೇಕಿತ್ತು ನನ್ನ ಗಂಡ? ಅವರು ತೆಗೆದಿದ್ದು ಮುರಿದ ಕಾಲಿಗೆ ಮಾತ್ರ. ಅದನ್ನೇ ಮುರ್ಕೊಳ್ಳೋಕೆ ಹೋದ!" ಅವಳ ದನಿ ಕೆಳಗಿನ ಬೀದಿಗೂ ಕೇಳಿತು. "ಬದುಕೋಕೆ ಹಾರಿದ್ದು ಅವನು. ಬದುಕೋಕೆ!"

ಮಗಳು ಬಾಗಿಲು ಬಿಟ್ಟು ಬಂದಳು. ಚೀಲದಿಂದ ಪೆನ್ಸಿಲು ತೆಗೆದು ನೋಡಿದಳು. ಅಪ್ಪನ ಪಕ್ಕ ಕುಸಿದು ಕೂತು, ಅವನ ಕಾಲನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಗೋಳೋ ಎಂದು ಅತ್ತಳು.

ಹೊರುವವರು ಅವನನ್ನು ಎತ್ತಿದಾಗ ಮಗಳು ಚೀಲವನ್ನು ಹೆಗಲಿಗೆ ಹಾಕಿಕೊಂಡಳು. ಊರುಗೋಲುಗಳನ್ನು ಕಂಕುಳಿಗೆ ಕೊಟ್ಟುಕೊಂಡಳು. "ಅದನ್ಯಾಕಮ್ಮ..." ಎಂದು ಶುರುಮಾಡಿದ ದೊಡ್ಡಪ್ಪ ಅವಳ ಮುಖ ನೋಡಿ ಪಕ್ಕಕ್ಕೆ ಸರಿದರು. ಎಲ್ಲರಿಗಿಂತ ಮುಂದೆ ಅವಳು ಒಂದೊಂದೇ ಮೆಟ್ಟಿಲು ಊರಿಕೊಂಡು ಇಳಿದಳು. ಹೊಸ ರಬ್ಬರು ಎಲ್ಲಿಯೂ ಜಾರಲಿಲ್ಲ.